ಕುಕ್ಕರಿನ ಜೊತೆ ತುಳು, ಮಗಳ ಜೊತೆ ಮರಾಠಿ

ಹಿಂದೆ ನನ್ನ ಎದುರು ಮನೆಯಲ್ಲಿದ್ದ ಅಕ್ಕ ತೀರಿಕೊಂಡ ಸುದ್ದಿಯನ್ನು ಅವರ ಯಜಮಾನರು ಫೋನಿನಲ್ಲಿ ಹೇಳಿದಾಗ ನಾನು ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತಿದ್ದೆ. ಡೊಂಬಿವಲಿಯಿಂದ ಬೇಲಾಪುರದ ಆಫೀಸಿಗೆ ಹೋಗುವವರಿಗೆಲ್ಲ ಗೊತ್ತು, ಒಂದು ಗಾಡಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿಗೆ ಓಡುವ ಆ ಹೊತ್ತಿನಲ್ಲಿ ಯಾರ ಮಾತೂ ತಲೆಗೆ ಹೋಗುವುದಿಲ್ಲ. ನಾನು ಸೇತುವೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನವರು ಬೈದುಕೊಂಡು ದಾಟಿ ಹೋದರು. ಅಳು ಬರುವುದಕ್ಕೆ ಮೊದಲು ನನಗೆ ಬಂದ ಯೋಚನೆ ವಿಚಿತ್ರವಾಗಿತ್ತು: ಇನ್ನು ಆ ಮನೆಯ ಕುಕ್ಕರಿಗೆ ಬೈಯುವವರು ಯಾರು?

ಅಕ್ಕನ ಮಗಳ ಯೋಚನೆ ಆಮೇಲೆ ಬಂತು. ಅವಳನ್ನು ಅಪ್ಪ ಮತ್ತು ಅಪ್ಪನ ತಂಗಿ ನೋಡಿಕೊಳ್ಳುತ್ತಿದ್ದಾರೆ, ಘೋಡಬಂದರ್ ರಸ್ತೆಯ ಮನೆಯಲ್ಲಿ ಚೆನ್ನಾಗಿಯೇ ಇದ್ದಾಳೆ ಎಂದು ಯಜಮಾನರೇ ಹೇಳಿದರು. ಅವರು ಮಾತು ಮುಗಿಸುವಷ್ಟರಲ್ಲಿ ನನ್ನ ಗಾಡಿ ಹೋಗಿತ್ತು.

ನಾನು ಡೊಂಬಿವಲಿ ಪೂರ್ವದ ಆ ಲಿಫ್ಟಿಲ್ಲದ ಕಟ್ಟಡಕ್ಕೆ ಬಂದದ್ದು ಠಾಣೆಯಿಂದ ವಾಶಿ ಕಡೆಗೆ ರೈಲು ಹೊಸದಾಗಿ ಶುರುವಾದ ಕಾಲದಲ್ಲಿ. ಮೂರನೆಯ ಮಹಡಿಯಲ್ಲಿ ನನ್ನ ಬಾಗಿಲು, ಎದುರಿಗೆ ಅವರದು. ಬಂದ ಮೊದಲ ವಾರವೇ ಆ ಮನೆಯಿಂದ ಒಂದು ಹೆಣ್ಣುದನಿ ಯಾರನ್ನೋ ಗದರಿಸುವುದು ಕೇಳಿಸಿತು. ಗದರಿಕೆ, ಸಮಾಧಾನ, ಮತ್ತೆ ಗದರಿಕೆ. "ಒಂತೆ ಉಂತು, ಬತ್ತೆ!" ಎನ್ನುವುದಷ್ಟು ಬಿಡಿಸಿ ಕೇಳಿಸಿತು. ತುಳು ಇರಬೇಕು ಅಂದುಕೊಂಡೆ. ನಾನು ವಿಜಾಪುರದವಳು, ನನಗೆ ತುಳುವಿನ ಗಂಧಗಾಳಿಯಿಲ್ಲ. ಒಳಗೆ ಹಟಮಾರಿ ಅತ್ತೆಯೋ ಕಿವಿ ಕೇಳದ ಮಾವನೋ ಇರಬೇಕು ಎಂದು ಲೆಕ್ಕ ಹಾಕಿದೆ. ಪರರ ಮನೆಯ ವಿಷಯ ನಮಗ್ಯಾಕೆ ಎಂದು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸಕ್ಕರೆಯ ನೆಪ ಮಾಡಿಕೊಂಡು ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದವರು ಎತ್ತರದ, ಸಪೂರ ಹೆಂಗಸು. ನನಗಿಂತ ಹತ್ತಾರು ವರ್ಷ ದೊಡ್ಡವರಿರಬಹುದು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಸೌಟಿತ್ತು. ಒಳಗೆ ಇಣುಕಿದೆ. ಅತ್ತೆಯೂ ಇಲ್ಲ, ಮಾವನೂ ಇಲ್ಲ. ಐದು ವರ್ಷದ ಒಂದು ಹೆಣ್ಣುಮಗು ಫ್ರಿಜ್ಜಿಗೆ ಕೆನ್ನೆ ಒತ್ತಿ ಕೂತಿತ್ತು.

"ಯಾರಿಗ್ರಿ ಅಕ್ಕಾರ ಬೈಯಾಕತ್ತಿದ್ರಿ?" ಎಂದು ಕೇಳಿಯೇಬಿಟ್ಟೆ.

"ಹಾಲಿಗೆ," ಎಂದರು, ಅದೇನು ಕೇಳುವ ವಿಷಯ ಎನ್ನುವಂತೆ. "ಸ್ವಲ್ಪ ನಿಲ್ಲು, ಬಂದೆ ಅಂದ್ರೂ ಕೇಳುವುದಿಲ್ಲ, ನಾನು ಈಚೆ ತಿರುಗಿದ್ರೆ ಸಾಕು, ಉಕ್ತದೆ. ಮರ್ಯಾದೆ ಇಲ್ಲದ ಹಾಲು ಇಲ್ಲಿಯದ್ದು." ಆಮೇಲೆ ಏನೋ ನೆನಪಾದವರ ಹಾಗೆ ಹೊರಗೆ ಬಂದು, ಬಾಗಿಲನ್ನು ಹಿಂದೆ ಎಳೆದುಕೊಂಡು, ದನಿ ತಗ್ಗಿಸಿದರು. "ಮಗು ಎದುರಿಗಿದ್ರೆ ಕನ್ನಡ ಬೇಡ ಮಾರಾಯ್ರೆ. ನಿಮಗೆ ಮರಾಠಿ ಬರ್ತದಾ?"

ನಮ್ಮದು ಸೊಲ್ಲಾಪುರದ ಗಡಿ. ಮರಾಠಿ ನನಗೆ ಬರುತ್ತದೆ. ಹಾಗೆಂದ ಕೂಡಲೇ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಸಕ್ಕರೆ ಕೇಳಲು ಹೋದವಳಿಗೆ ಸಕ್ಕರೆ ಸಿಗಲಿಲ್ಲ, ಮೇಷ್ಟರ ಕೆಲಸ ಸಿಕ್ಕಿತು.

ವಿಷಯ ಹೀಗಿತ್ತು. ಮಗುವಿಗೆ ಮಾತು ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಲಿಲ್ಲ. ಠಾಣೆಯ ದೊಡ್ಡ ಡಾಕ್ಟರೊಬ್ಬರು ನೋಡಿ, ಇದು ಆಟಿಸಂ, ಮದ್ದಿನಿಂದ ಹೋಗುವ ಕಾಯಿಲೆಯಲ್ಲ, ಇವಳ ತಲೆ ಬೇರೆ ರೀತಿ ಕೆಲಸ ಮಾಡುತ್ತದೆ ಎಂದಿದ್ದರು. ಆಮೇಲೆ ಮನೆಯಲ್ಲಿ ಎಷ್ಟು ಭಾಷೆ ಎಂದು ಕೇಳಿದ್ದರು. ಗಂಡ ಹೆಂಡತಿ ತುಳು ಆಡುತ್ತಿದ್ದರು, ಟಿವಿ ಹಿಂದಿ, ಬಂದುಹೋಗುವವರು ಕನ್ನಡ, ಕೆಳಗಿನ ಅಂಗಳದಲ್ಲಿ ಮರಾಠಿ. ಡಾಕ್ಟರು ತಲೆಯಾಡಿಸಿ, ಇಷ್ಟು ಭಾಷೆಗಳ ಗದ್ದಲದಲ್ಲಿ ಮಗು ಯಾವುದನ್ನು ಹಿಡಿದೀತು, ಒಂದೇ ಭಾಷೆ ಇಟ್ಟುಕೊಳ್ಳಿ ಎಂದರಂತೆ. ಡೊಂಬಿವಲಿಯಲ್ಲಿ ಇಂಥ ಮಕ್ಕಳಿಗಿದ್ದ ಶಾಲೆ ಮರಾಠಿಯದು. ಹಾಗಾಗಿ ಮನೆಯೂ ಮರಾಠಿಯಾಯಿತು.

ಆಗ ಅಕ್ಕನಿಗೆ ಬರುತ್ತಿದ್ದ ಮರಾಠಿ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುವಷ್ಟು. ಯಜಮಾನರದು ಅದಕ್ಕಿಂತ ಚೆಂದ. ಅವರು ಶಹಾಡ್ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಗಿರಾಕಿಗಳ ಜೊತೆ ಆಡುವ ಮರಾಠಿ ಬಿಟ್ಟರೆ ಅವರಿಗೆ ಬೇರೆ ಮರಾಠಿ ಇರಲಿಲ್ಲ. ಅದನ್ನೇ ಮನೆಗೆ ತಂದರು. ಹೆತ್ತ ಮಗಳ ಮುಂದೆ ಕೈಕಟ್ಟಿ ನಿಂತು "ಬೋಲಾ ತಾಈ, ಕಾಯ್ ಪಾಹಿಜೆ?", ಹೇಳಿ ಅಕ್ಕಾವ್ರೆ ಏನು ಬೇಕು, ಎಂದು ಬಹುವಚನದಲ್ಲಿ ಕೇಳುವ ಅಪ್ಪನನ್ನು ನಾನು ಬೇರೆಲ್ಲೂ ನೋಡಿಲ್ಲ. ಮಗುವಿನ ಬಾಯಿಂದ ಹೊರಟ ಮೊದಲ ಮಾತು "ಏಕ್ ಸಾದಾ" ಎಂದು. ಒಂದು ಸಾದಾ ದೋಸೆ! ಅಪ್ಪ ಅಳುತ್ತ ನಗುತ್ತ ದೋಸೆ ಹೊಯ್ಯಲು ಓಡಿದರಂತೆ. ಆ ದಿನ ಇಡೀ ಮಹಡಿಗೆ ದೋಸೆ ಬಂತು.

ಅಕ್ಕ ಹಿಡಿದದ್ದನ್ನು ಬಿಡುವವರಲ್ಲ. ಡಾಕ್ಟರ ಮಾತನ್ನು ವ್ರತದ ಹಾಗೆ ಪಾಲಿಸಿದರು. ಊರಿನಿಂದ ತಾಯಿಯ ಫೋನ್ ಬಂದರೆ ಮೊಬೈಲು ಹಿಡಿದು ಮೆಟ್ಟಿಲಿಗೆ ಓಡುತ್ತಿದ್ದರು. ಹೊಸ್ತಿಲಾಚೆ ಚಪ್ಪಲಿ ಬಿಡುವಂತೆ ತುಳುವನ್ನು ಹೊರಗೇ ಬಿಟ್ಟು ಒಳಗೆ ಬರುವರು. ಇಷ್ಟು ಗುಟ್ಟಾಗಿ ಯಾರ ಜೊತೆ ಮಾತಾಡುತ್ತಾರೆ ಎಂದು ಕೆಳಗಿನ ಮನೆಯವರು ನನ್ನನ್ನೇ ಕೇಳಿದ್ದರು. "ತವರಿನವರ ಜೋಡಿ" ಎಂದರೆ ನಂಬಲಿಲ್ಲ.

ಹಾಗಾದರೆ ಹಾಲಿನ ಜೊತೆ ತುಳು ಯಾಕೆ? ಕೇಳದೆ ಇರುವವಳೇ ನಾನು?

"ಡಾಕ್ಟರು ಮಗುವಿನ ಹತ್ತಿರ ಅಂತ ಹೇಳಿದ್ದು," ಎಂದರು ಅಕ್ಕ. "ಕುಕ್ಕರಿನ ಹತ್ತಿರ, ಮಿಕ್ಸಿ ಹತ್ತಿರ ಮಾತಾಡ್ಬಾರ್ದು ಅಂತ ಹೇಳಿಲ್ಲ. ಎಲ್ಲಿಯಾದ್ರೂ ಒಂದು ಕಡೆ ಬಾಯಿ ಬಿಡ್ಬೇಕಲ್ಲ ಮಾರಾಯ್ತಿ, ಇಲ್ಲದಿದ್ರೆ ಹೊಟ್ಟೆ ಉಬ್ಬಿ ಸಾಯ್ತೇನೆ."

ಅಷ್ಟರಲ್ಲಿ ನಾನು ಮಾರಾಯ್ರೆಯಿಂದ ಮಾರಾಯ್ತಿಗೆ ಬಂದಿದ್ದೆ.

ಭಾನುವಾರ ಬೆಳಿಗ್ಗೆ ನಮ್ಮ ಪಾಠ. ಮಗು ನನ್ನ ಮನೆಗೆ ಬಂದರೆ ಮೊದಲು ಇಸ್ತ್ರಿಪೆಟ್ಟಿಗೆ, ಆಮೇಲೆ ಹೊಲಿಗೆ ಮಿಷನ್ನು, ಆಮೇಲೆ ಗೋಡೆ ಗಡಿಯಾರ ಹೀಗೆ ಒಂದೊಂದನ್ನೂ ಮುಟ್ಟಿ, ಕೆನ್ನೆ ಒತ್ತಿ ಬರುವಳು. ನನ್ನ ಸರದಿ ಬರುತ್ತಲೇ ಇರಲಿಲ್ಲ. ಅಕ್ಕ ನೆಲದ ಮೇಲೆ ಕೂತು ಮರಾಠಿ ಕಲಿಯುವರು. ಬಾ, ಕೂರು, ಉಣ್ಣು, ಕೈ ತೊಳೆ, ಇವೆಲ್ಲ ಬೇಗ ಬಂದವು. ಒಂದು ದಿನ ಮಗು ಒಳಗಿನ ಕೋಣೆಯಲ್ಲಿದ್ದಾಗ ಕನ್ನಡದಲ್ಲಿ ಕೇಳಿದರು, "ಮುದ್ದು ಮಾಡುವುದು ಹೇಗೆ ಮರಾಠಿಯಲ್ಲಿ?"

ನನಗೂ ಗೊತ್ತಿರಲಿಲ್ಲ. ನನಗೆ ಮಕ್ಕಳಿಲ್ಲ. ಸೊಲ್ಲಾಪುರದ ನಮ್ಮ ಚಿಕ್ಕಮ್ಮ ಮೊಮ್ಮಗಳನ್ನು "ಮಾಝೀ ಛಕುಲೀ", ನನ್ನ ಪುಟ್ಟಿ, ಎಂದು ಕರೆಯುತ್ತಿದ್ದದ್ದು ನೆನಪಿಗೆ ಬಂತು, ಹೇಳಿಕೊಟ್ಟೆ. ಅಕ್ಕನ ಬಾಯಲ್ಲಿ ಅದು ಚಕ್ಕುಲಿಯೇ ಆಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡು, ಮರಾಠಿಯಲ್ಲಿ ನಾನು ಅವಳಿಗೆ ಆರ್ಡರ್ ಮಾತ್ರ ಕೊಡ್ತೇನೆ. ಪೊಲೀಸರ ಹಾಗೆ. ಅವಳೂ ಹಾಗೇ, ನೀರು ಬೇಕು, ಊಟ ಬೇಡ. ಬೇಕು ಬೇಡ ಅಂದ್ರೆ ಮಾತಾ? ಒಂದು ಸಲ ಅವಳು ನನ್ನ ಹತ್ತಿರ ಬಂದು ಎಂತದಾದ್ರೂ ಹೇಳ್ಬೇಕು. ಕೆಲಸಕ್ಕೆ ಬಾರದ್ದೇ ಆಗ್ಲಿ. ಅಷ್ಟು ಕೇಳಿದ್ರೆ ಸಾಕು ನನಗೆ."

ಇನ್ನೇನನ್ನೂ ಅವರು ಬಯಸಿದ್ದು ನಾನು ಕೇಳಿಲ್ಲ. ಮಗಳು ಎಲ್ಲರ ಹಾಗೆ ಆಗಬೇಕು, ಮೊದಲ ನಂಬರು ತೆಗೆಯಬೇಕು, ಯಾವುದೂ ಇಲ್ಲ. ಯಾರಾದರೂ ಅಯ್ಯೋ ಪಾಪ ಎಂದರೆ ಮಾತ್ರ ಸಿಟ್ಟು ಬರುತ್ತಿತ್ತು. ಒಮ್ಮೆ ಕಲ್ಯಾಣಕ್ಕೆ ಹೊರಟಿದ್ದೆವು. ರೈಲಿನ ಹೆಂಗಸರ ಡಬ್ಬಿಯಲ್ಲಿ ಹುಡುಗಿ ಕೂರುವ ಮೊದಲು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸುತ್ತಿದ್ದಳು. ಎದುರಿನವಳು, ಹುಡುಗಿಗೆ ಹುಚ್ಚೇ ಎಂದು ಕೇಳಿದಳು. ಅಕ್ಕ ತಮ್ಮ ಹರಕುಮುರುಕು ಮರಾಠಿಯಲ್ಲಿ, "ಸರಳು ಗಟ್ಟಿ ಇದೆಯಾ ಅಂತ ನೋಡ್ತಾಳೆ. ನೀವು ನೋಡದೆ ಕೂತಿದ್ದೀರಿ," ಎಂದರು. ಆಕೆ ಹಿಂದೆ ತಿರುಗಿ ತನ್ನ ಕಿಟಕಿಯ ಸರಳು ಮುಟ್ಟಿ ನೋಡಿದಳು. ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡೆ.

ವರ್ಷಗಳು ಹೋದವು. ಹುಡುಗಿ ಎತ್ತರವಾದಳು, ಎರಡು ಜಡೆ ಬಂತು. ಮರಾಠಿಯಲ್ಲಿ ಬೇಕಾದ್ದು ಕೇಳುವಳು, ಬೇಡದ್ದು ದೂಡುವಳು. ಅದರಾಚೆ ಮಾತು ಬೆಳೆಯಲಿಲ್ಲ. ಅಕ್ಕನ ಮರಾಠಿಯೂ ಹಾಗೇ ನಿಂತಿತು. ತಾಯಿ ಮಗಳು ಇಬ್ಬರೂ ಒಂದೇ ತರಗತಿಯಲ್ಲಿ ಕೂತುಬಿಟ್ಟಿದ್ದಾರೆ ಎಂದು ನಾನು ರೇಗಿಸುತ್ತಿದ್ದೆ.

ಒಂದು ರಜೆಯ ದಿನ ನಾನು ಹೋದಾಗ ಅಕ್ಕ ಕೆಳಗೆ ತರಕಾರಿಗೆ ಹೋಗಿದ್ದರು. ಹುಡುಗಿ ಬಚ್ಚಲಿನ ಬಳಿ ವಾಷಿಂಗ್ ಮಿಷನ್ನಿನ ಮೇಲೆ ಅಂಗೈ ಊರಿ ನಿಂತಿದ್ದಳು. ಅದು ಗಡಗಡ ಎನ್ನುತ್ತಿತ್ತು. ಇವಳು ಅದರ ಜೊತೆ ಮಾತಾಡುತ್ತಿದ್ದಳು. ಒಂದೆರಡು ಶಬ್ದವಲ್ಲ, ಸಾಲು ಸಾಲಾಗಿ. ಏರುತ್ತ, ಇಳಿಯುತ್ತ, ನಡುವೆ ಗದರುತ್ತ, ಸಮಾಧಾನ ಮಾಡುತ್ತ. ಭಾಷೆ ಮರಾಠಿಯಲ್ಲ. ಮೆಟ್ಟಿಲಿಳಿದು ಓಡಿ ಅಕ್ಕನನ್ನು ಕೈಹಿಡಿದು ಎಳೆದುಕೊಂಡು ಬಂದೆ.

ಬಾಗಿಲ ಮರೆಯಲ್ಲಿ ನಿಂತು ಕೇಳಿದ ಅಕ್ಕ ಕುಣಿಯಬಹುದು ಅಂದುಕೊಂಡಿದ್ದೆ. ಅವರ ಮುಖ ಬಿಳುಚಿತು. "ತುಳು," ಎಂದರು. "ನನ್ನಿಂದಲೇ ಆದದ್ದು. ಕುಕ್ಕರಿನ ಹತ್ತಿರ ಬಾಯಿ ಬಿಟ್ಟು ಬಿಟ್ಟು ಎಲ್ಲ ಕೆಡಿಸಿ ಹಾಕಿದೆ."

ಠಾಣೆಯ ಹಳೆಯ ಡಾಕ್ಟರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಘೋಡಬಂದರ್ ರಸ್ತೆಯಲ್ಲಿ ಹೊಸದಾಗಿ ಇಂಥ ಮಕ್ಕಳ ಕೇಂದ್ರವೊಂದು ತೆರೆದಿತ್ತು, ಅಲ್ಲಿಗೆ ಹೋದೆವು. ಮಾತು ಕಲಿಸುವ ಚಿಕ್ಕ ವಯಸ್ಸಿನ ಟೀಚರಮ್ಮ ಎದುರಿಗೆ ಕೂತಿದ್ದಳು. ಅಕ್ಕ ತಪ್ಪೊಪ್ಪಿಗೆಯ ದನಿಯಲ್ಲಿ ಎಲ್ಲ ಹೇಳಿದರು, ಎಲ್ಲಿ ತಡವರಿಸಿದರೋ ಅಲ್ಲಿ ನಾನು ಮರಾಠಿ ಸೇರಿಸಿದೆ. ಟೀಚರಮ್ಮ ಕೇಳಿಸಿಕೊಂಡು, "ನೀವೇಕೆ ಇವಳ ಜೊತೆ ತುಳು ಆಡುವುದಿಲ್ಲ?" ಎಂದಳು.

"ಆಡ್ಬಾರ್ದು ಅಂತ ಹೇಳಿದ್ರಲ್ಲ."

"ಆಗಿನವರು ಹಾಗೆ ಹೇಳುತ್ತಿದ್ದರು. ಈಗ ನಾವು ಹೇಳುವುದಿಲ್ಲ. ನಿಮಗೆ ಯಾವ ಭಾಷೆಯಲ್ಲಿ ಸರಾಗವಾಗಿ ಮಾತು ಬರುತ್ತದೋ ಅದರಲ್ಲೇ ಆಡಿ. ಮಗು ಹಿಡಿಯುತ್ತದೆ."

ಬಸ್ ಸ್ಟಾಪಿಗೆ ಬಂದೆವು. ನಮ್ಮ ಬಸ್ಸು ಬಂತು, ಅಕ್ಕ ಹತ್ತಲಿಲ್ಲ. ಬಿಸಿಲು ಸುಡುತ್ತಿತ್ತು. ನನಗೆ ಬಂದ ಸಿಟ್ಟಿಗೆ ಆ ಹಳೆಯ ಡಾಕ್ಟರು ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಒಂದು ಮಗುವಿನ ಬಾಲ್ಯವನ್ನೇ ಕಸಿದುಕೊಂಡರಲ್ಲ, ಒಬ್ಬ ತಾಯಿಯ ನಾಲಿಗೆ ಕಟ್ಟಿಹಾಕಿದರಲ್ಲ ಎಂದು ಕೂಗಾಡಿದೆ. ಅಕ್ಕ ನನ್ನನ್ನು ನೋಡಿ ನಿಧಾನವಾಗಿ, "ಅವರೂ ಒಳ್ಳೆಯದಕ್ಕೇ ಹೇಳಿದ್ದು. ಯಾರಿಗೆ ಬೈಯುವುದು ಹೇಳು?" ಎಂದರು. ಆಮೇಲೆ ರಸ್ತೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಮನೆಗೆ ಬಂದವರೇ ಚಪ್ಪಲಿ ಸಹ ಬಿಡದೆ ಮಗಳ ಮುಂದೆ ಕೂತು ತುಳುವಿನಲ್ಲಿ ಮಾತು ಶುರುಮಾಡಿದರು. ಕಟ್ಟೆಯೊಡೆದ ಹಾಗೆ ಬಂತು ಅದು. ಹುಡುಗಿ ಒಂದು ಗಳಿಗೆ ಕೇಳಿದಳು. ಎದ್ದು ಬಂದಳು. ತಾಯಿಯ ಬಾಯಿಗೆ ಅಂಗೈ ಒತ್ತಿ ಹಿಡಿದಳು.

ಮರುದಿನವೂ ಹಾಗೆ, ಆಮೇಲೂ ಹಾಗೆ. ತಾಯಿ ಎಂದರೆ ಮರಾಠಿ. ತುಳು ಇರುವುದು ಕುಕ್ಕರಿಗೆ, ಮಿಕ್ಸಿಗೆ, ಹಾಲಿಗೆ. ಅವಳು ನೋಡಿದ ಲೋಕದಲ್ಲಿ ಅದು ಹಾಗೇ ಇತ್ತು. ನಾವೇ ಅದನ್ನು ಹಾಗೆ ಜೋಡಿಸಿಟ್ಟು ಕೊಟ್ಟಿದ್ದೆವು. ಒಂದು ಸಾಮಾನು ಕದಲಿಸಿದರೂ ಸಹಿಸದ ಹುಡುಗಿ ಇಡೀ ಭಾಷೆಯನ್ನು ಅದರ ಜಾಗದಿಂದ ಎತ್ತಿಡಲು ಬಿಡುತ್ತಾಳೆಯೆ?

ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಎಂದು ಕೈಚೆಲ್ಲುತ್ತಿದ್ದರು. ಅಕ್ಕ ಕೆಲವು ದಿನ ಮಂಕಾಗಿದ್ದರು, ಅಷ್ಟೇ. ಒಂದು ಸಂಜೆ ನಾನು ಆಫೀಸಿನಿಂದ ಬರುವುದನ್ನೇ ಕಾಯುತ್ತಿದ್ದವರ ಹಾಗೆ ಬಾಗಿಲಲ್ಲಿ ನನ್ನ ತೋಳು ಹಿಡಿದು ಜಗ್ಗಿದರು. ಬ್ಯಾಗು ಕೆಳಗಿಡಲೂ ಬಿಡಲಿಲ್ಲ.

"ಕುಕ್ಕರಿಗೆ ಹೇಳಿದೆ ಮಾರಾಯ್ತಿ, ನಾಳೆ ಶಾಲೆ ಇಲ್ಲ, ಮಗು ಮನೆಯಲ್ಲೇ ಇರ್ಬೇಕು ಅಂತ. ತುಳುವಿನಲ್ಲಿ. ಅವಳು ಬಾಗಿಲ ಹತ್ತಿರ ನಿಂತಿದ್ಲು. ಬಂದು ಕುಕ್ಕರಿನ ಹತ್ತಿರ ಕೇಳಿದ್ಲು, ದಾಯೆಗ್ ಅಂತ. ಯಾಕೆ ಅಂತ!"

ಅದುವರೆಗೆ ಅವಳು ಯಾವ ಭಾಷೆಯಲ್ಲೂ ಯಾಕೆ ಎಂದು ಕೇಳಿದವಳಲ್ಲ.

"ನೀವೇನಂದ್ರಿ?"

"ನಾನೆಂತ ಹೇಳುವುದು? ಕೇಳಿದ್ದು ಕುಕ್ಕರಿನ ಹತ್ತಿರ. ಕುಕ್ಕರಿಗೇ ಹೇಳಿದೆ, ಶಾಲೆಗೆ ಬಣ್ಣ ಹೊಡೀತಾರಂತೆ ಅಂತ. ಸಾಕಾಯ್ತು ಅವಳಿಗೆ, ಹೋದ್ಲು."

ಆಮೇಲೆ ಆ ಅಡಿಗೆಮನೆಯಲ್ಲಿ ನಡೆದ ಸಂಸಾರ ಅದೊಂದು ಬೇರೆ ಲೋಕ. ಮಗಳಿಗೆ ಹೇಳಬೇಕಾದ್ದನ್ನೆಲ್ಲ ಅಕ್ಕ ಕುಕ್ಕರಿಗೆ ಹೇಳುವರು: ಊರಿನಲ್ಲಿ ಅಜ್ಜಿಗೆ ಮಂಡಿನೋವು, ಅಪ್ಪನ ಹೋಟೆಲಿನಲ್ಲಿ ಗ್ರೈಂಡರ್ ಕೆಟ್ಟಿದೆ, ಇವಳು ಹುಟ್ಟಿದ ದಿನ ಅಳಲೇ ಇಲ್ಲ. ಮಗಳು ಕುಕ್ಕರಿಗೇ ಉತ್ತರ ಕೊಡುವಳು. ನಡುವೆ ಕೂತ ಕುಕ್ಕರು ಒಮ್ಮೊಮ್ಮೆ ಸೀಟಿ ಹೊಡೆಯುವುದು. ಯಜಮಾನರು ಹೋಟೆಲಿನಿಂದ ಬಂದವರು ಮನೆಯ ಸುದ್ದಿ ತಿಳಿಯಲು ತಾವೂ ಅಲ್ಲೇ ಬಂದು ನಿಲ್ಲುತ್ತಿದ್ದರು. ಭಾಷೆ ಗೊತ್ತಿಲ್ಲದ ನಾನು ಬಾಯಿ ತೆರೆದು ಕೂತು ಮೂವರ ಮುಖ ನೋಡುತ್ತಿದ್ದೆ. ರಾತ್ರಿಗೆ ಮೆಟ್ಟಿಲ ಮೇಲೆ ಅಕ್ಕ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಹೇಳಬೇಕು, ಅದು ನನ್ನ ಹಕ್ಕು. ಒಂದನ್ನೂ ಬಿಡದೆ ಹೇಳುತ್ತಿದ್ದರು.

"ಆದ್ರೂ ಹೊಟ್ಟೆಕಿಚ್ಚಾಗ್ತದೆ," ಎಂದರು ಒಮ್ಮೆ. "ಹೆತ್ತದ್ದು ನಾನು, ಮಾತು ಕುಕ್ಕರಿಗೆ."

ಅಂದು ಅವರು ನಗಲಿಲ್ಲ. ನಾನೂ ರೇಗಿಸಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಅವರು ಘೋಡಬಂದರ್ ರಸ್ತೆಗೆ ಮನೆ ಬದಲಿಸಿದರು, ಹುಡುಗಿಗೆ ಆ ಕೇಂದ್ರ ಹತ್ತಿರವಾಗಲಿ ಎಂದು. ಎದುರು ಬಾಗಿಲಿಗೆ ಬೀಗ ಬಿದ್ದ ದಿನ ನಾನು ಊಟ ಮಾಡಲಿಲ್ಲ. ಆಗಾಗ ಶನಿವಾರ ಹೋಗಿ ಬರುತ್ತಿದ್ದೆ. ಹಾಗೆ ಹೋದ ಒಂದು ಶನಿವಾರ ಅಕ್ಕನಿಗೆ ಜ್ವರ. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ನಾನು ಗಂಜಿ ಇಡಲು ಅಡಿಗೆಮನೆಗೆ ಹೋದೆ.

ಅಕ್ಕಿ ತೊಳೆಯುತ್ತಿದ್ದಾಗ ಹೊರಗೆ ಮಾತು ಕೇಳಿಸಿತು. ನಲ್ಲಿ ನಿಲ್ಲಿಸಿದೆ. ಬಾಗಿಲ ಸಂದಿನಿಂದ ನೋಡಿದರೆ ಹುಡುಗಿ ಚಾಪೆಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಾಳೆ. ಕುಕ್ಕರು ನನ್ನ ಹತ್ತಿರ ಇದೆ. ನಡುಮನೆಯಲ್ಲಿ ಫ್ಯಾನು ಕೂಡ ನಿಂತಿದೆ. ಕಣ್ಣು ಮುಚ್ಚಿ ಮಲಗಿದ ತಾಯಿಯ ಮುಖದ ಮೇಲೆ ಬಾಗಿ, ಗದರದೆ, ಅವಸರ ಮಾಡದೆ, ಅವಳು ತುಳುವಿನಲ್ಲಿ ಏನೋ ಹೇಳಿದಳು. ಸ್ವಲ್ಪ ತಡೆದು ಮತ್ತೇನೋ ಹೇಳಿದಳು. ಅದೇ ಮಾತನ್ನು ಇನ್ನೊಮ್ಮೆ, ಪ್ರಶ್ನೆಯ ಹಾಗೆ.

ಅಕ್ಕನಿಗೆ ನಿದ್ದೆ ಬಂದಿರಲಿಲ್ಲ. ಮುಚ್ಚಿದ ರೆಪ್ಪೆಯ ಕೊನೆಯಿಂದ ನೀರು ಕಿವಿಗೆ ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಎದೆಯ ಮೇಲಿದ್ದ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಕಣ್ಣು ತೆರೆಯಲಿಲ್ಲ. ಉತ್ತರ ಕೊಡಲಿಲ್ಲ. ಹುಡುಗಿ ಎದ್ದು ಬಾಲ್ಕನಿಗೆ ಹೋಗುವವರೆಗೂ ಹಾಗೆಯೇ ಇದ್ದರು.

ನಿದ್ದೆಹೋದ ತಾಯಿಯನ್ನು ಅವಳು ಸಾಮಾನುಗಳ ಸಾಲಿಗೆ ಸೇರಿಸಿದಳೋ, ಅಥವಾ ಎಚ್ಚರವಿದ್ದಾರೆ ಎಂದು ತಿಳಿದೇ ಮಾತಾಡಿದಳೋ? ಇದನ್ನು ಎಷ್ಟೋ ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಬಗೆಹರಿದಿಲ್ಲ. ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು ಬೇರೆ. ಗಂಜಿಯ ಬಟ್ಟಲು ಹಿಡಿದು ಹೋಗಿ ಪಕ್ಕದಲ್ಲಿ ಕೂತೆ.

"ಅಕ್ಕಾರ, ಏನಂದ್ಳು?"

ಅಕ್ಕ ಎದ್ದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಜ್ವರದ ಮುಖದಲ್ಲಿ ನಾನು ಎಂದೂ ನೋಡಿರದ ಒಂದು ಜಂಬವಿತ್ತು. ಬಟ್ಟಲು ತೆಗೆದುಕೊಂಡರು, ಒಂದು ಗುಟುಕು ಕುಡಿದರು.

"ಅದು ನನ್ನ ಹತ್ತಿರ ಹೇಳಿದ್ದು ಮಾರಾಯ್ತಿ," ಎಂದರು. "ನಿನಗೆ ಹೇಳ್ಲಿಕ್ಕಿಲ್ಲ."

ಮತ್ತೆ ಎಷ್ಟು ಪೀಡಿಸಿದರೂ ಹೇಳಲಿಲ್ಲ. ಆಮೇಲೆ ಮಧ್ಯಾಹ್ನದ ಹೊತ್ತು ಫೋನ್ ಮಾಡಿದರೆ ಅವರು ಎತ್ತುತ್ತಿರಲಿಲ್ಲ. ರಾತ್ರಿ ಕೇಳಿದರೆ, ಮಲಗಿದ್ದರಂತೆ ಎಂದು ಯಜಮಾನರು ಹೇಳುತ್ತಿದ್ದರು. ಜೀವಮಾನದಲ್ಲಿ ಹಗಲು ನಿದ್ದೆ ಮಾಡದ ಅಕ್ಕ ಕೊನೆಯ ಆ ಎರಡು ಮೂರು ವರ್ಷ ದಿನವೂ ಮಧ್ಯಾಹ್ನ, ಮಗಳು ಮನೆಗೆ ಬರುವ ಹೊತ್ತಿಗೆ ಸರಿಯಾಗಿ, ಚಾಪೆ ಹಾಸಿ ಮಲಗಿದರು.

ಹುಡುಗಿ ಅಂದು ಆಡಿದ ಮಾತಿನ ಸದ್ದು ನನಗೆ ಇವತ್ತಿಗೂ ಬಾಯಿಪಾಠ. ಅರ್ಥ ಗೊತ್ತಿಲ್ಲ. ತುಳು ಬಲ್ಲವರು ಡೊಂಬಿವಲಿಯಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ, ನನ್ನ ಆಫೀಸಿನ ಪಕ್ಕದ ಮೇಜಿನವರೇ ಕಾರ್ಕಳದವರು. ಹೇಳಿ ತೋರಿಸಿದರೆ ಅರೆಗಳಿಗೆಯಲ್ಲಿ ಅರ್ಥ ಹೇಳಿಯಾರು. ನಾನು ಕೇಳಿಲ್ಲ.